ಕಂಡದ್ದನ್ನು ಕಂಡಂತೆ ಬರೆದ ಯಾನ್ ವಾನ್ ಐಕ್

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಪ್ರಸಿದ್ಧರೊಬ್ಬರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಕವಿಗಳು, ದೇಶಭಕ್ತರು, ವಿಜ್ಞಾನಿಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಚಿತ್ರಕಲೆಯ ಮೇಷ್ಟ್ರಾಗಿದ್ದ ನಾನು ಒಬ್ಬ ಚಿತ್ರಕಾರನ ಬಗ್ಗೆ ಬರೆಯುವುದೇ ಸರಿ ಎನಿಸಿತು. ಲಿಯೊನಾರ್ಡೊನ ಮೊನಾಲಿಸಾ ಚಿತ್ರದ ಹೆಸರು ಕೇಳದವರಿಲ್ಲ. ಅದಕ್ಕೂ ಸುಮಾರು 70 ವರ್ಷ ಮೊದಲೇ ಮನುಷ್ಯನ ಮುಖವನ್ನು, ಅದರ ಸುಕ್ಕು, ಕುರುಚಲು ಗಡ್ಡ, ಕಣ್ಣಿನ ತೇವದ ಸಮೇತ, ಮರದ ಹಲಗೆಯ ಮೇಲೆ ಬರೆದಿಟ್ಟವನು ಯಾನ್ ವಾನ್ ಐಕ್. ಅವನ ಚಿತ್ರಗಳನ್ನು ನಾನು ನೋಡಿರುವುದು ಅಚ್ಚಾದ ಪುಸ್ತಕಗಳಲ್ಲಿ ಮಾತ್ರ. ಹಾಗೆ ನೋಡಿದರೂ ಅವು ಮನಸ್ಸಿನಿಂದ ಹೋಗುವುದಿಲ್ಲ.

ಯಾನ್ ಹುಟ್ಟಿದ ನಾಡು ಯೂರೋಪಿನ ವಾಯುವ್ಯದ ಕರಾವಳಿ. ಇಂದು ಅಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್ ಎಂಬ ದೇಶಗಳಿವೆ. ಅಂದು ಅವು ಚಿಕ್ಕ ಚಿಕ್ಕ ಸೀಮೆಗಳಾಗಿದ್ದವು. ಅವುಗಳಲ್ಲಿ ಹಲವನ್ನು ಬರ್ಗಂಡಿ ಎಂಬ ಫ್ರೆಂಚ್ ಸಂಸ್ಥಾನದ ದೊರೆಗಳು ಮದುವೆ, ಯುದ್ಧ, ಒಪ್ಪಂದಗಳ ಮೂಲಕ ಒಂದೊಂದಾಗಿ ತಮ್ಮ ಕೈಗೆ ತೆಗೆದುಕೊಳ್ಳುತ್ತಿದ್ದರು. ಬ್ರೂಜ್ ಮತ್ತು ಗೆಂಟ್ ಉಣ್ಣೆಬಟ್ಟೆಯ ವ್ಯಾಪಾರದಿಂದ ಹಣ ಕಂಡ ಪಟ್ಟಣಗಳು. ಇಟಲಿ, ಸ್ಪೇನ್, ಇಂಗ್ಲೆಂಡಿನ ವರ್ತಕರೆಲ್ಲ ಅಲ್ಲಿ ಸೇರುತ್ತಿದ್ದರು. ಅಂಥ ಕಡೆ ಅಕ್ಕಸಾಲಿಗರಿಗೂ ಕೆಲಸ ಉಂಟು, ಚಿತ್ರಗಾರರಿಗೂ ಕೆಲಸ ಉಂಟು.

ಯಾನ್ ಹುಟ್ಟಿದ್ದು ಸುಮಾರು 1390ರಲ್ಲಿ, ಮಾಸೈಕ್ ಎಂಬ ಸಣ್ಣ ಊರಿನಲ್ಲಿ ಎಂದು ಹೇಳುತ್ತಾರೆ. ಅವನ ಬದುಕು ನಮಗೆ ಸ್ಪಷ್ಟವಾಗಿ ಕಾಣತೊಡಗುವುದು 1422ರಿಂದ. ಆಗ ಅವನು ಹೇಗ್ ಪಟ್ಟಣದಲ್ಲಿ ಹಾಲೆಂಡಿನ ದೊರೆ, ಬವೇರಿಯಾದ ಜಾನ್ ಎಂಬವನ ಆಸ್ಥಾನದಲ್ಲಿ ಕೆಲಸಕ್ಕಿದ್ದ. ಅವನಿಗೆ ಕೊಟ್ಟ ಕೂಲಿಯನ್ನು ಆಸ್ಥಾನದ ಗುಮಾಸ್ತರು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಆ ಕಾಲದ ಕುಶಲಕರ್ಮಿಗಳ ಚರಿತ್ರೆಯನ್ನು ಬರೆದವರು ಕವಿಗಳಲ್ಲ, ಲೆಕ್ಕ ಬರೆಯುವ ಗುಮಾಸ್ತರು. ಯಾನನ ಬಗ್ಗೆ ನಮಗೆ ಗೊತ್ತಿರುವ ಹೆಚ್ಚಿನ ಸಂಗತಿಗಳು ಇಂಥ ಪುಸ್ತಕಗಳಿಂದಲೇ ಸಿಕ್ಕಿವೆ.

1425ರ ಜನವರಿಯಲ್ಲಿ ಆ ದೊರೆ ತೀರಿಕೊಂಡ. ಅದೇ ವರ್ಷದ ಮೇ 19ರಂದು ಬರ್ಗಂಡಿಯ ಡ್ಯೂಕ್ ಫಿಲಿಪ್ ಯಾನನನ್ನು ತನ್ನ ಆಸ್ಥಾನ ಚಿತ್ರಕಾರನಾಗಿಯೂ ಖಾಸಾ ಸೇವಕನಾಗಿಯೂ ನೇಮಿಸಿಕೊಂಡ. ಸಂಬಳ ವರ್ಷಕ್ಕೆ 100 ಲಿವ್ರ್. ಲಿವ್ರ್ ಎಂದರೆ ಅಲ್ಲಿನ ಹಣದ ಲೆಕ್ಕ. ಖಾಸಾ ಸೇವಕ ಎಂದರೆ ದೊರೆಯ ಹಾಸಿಗೆ ಹಾಸುವವನು ಎಂದು ತಿಳಿಯಬೇಡಿ. ದೊರೆಯ ಬಳಿಗೆ ನೇರವಾಗಿ ಹೋಗಬಲ್ಲ, ನಂಬಿಕೆಯ ಕೆಲಸಗಳಿಗೆ ಕಳುಹಿಸಬಲ್ಲ ಮನುಷ್ಯ ಎಂದು ಅರ್ಥ. ಮುಂದಿನ ವರ್ಷಗಳ ಲೆಕ್ಕದಲ್ಲಿ ಯಾನನಿಗೆ ದೂರದ ಗುಟ್ಟಿನ ಪ್ರಯಾಣಗಳಿಗಾಗಿ ಹಣ ಕೊಟ್ಟದ್ದು ದಾಖಲಾಗಿದೆ. ಎಲ್ಲಿಗೆ, ಏತಕ್ಕೆ ಎಂದು ಗುಮಾಸ್ತರು ಬರೆದಿಲ್ಲ. ಆದರೆ ಒಂದು ಪ್ರಯಾಣ ಮಾತ್ರ ವಿವರವಾಗಿ ದಾಖಲಾಗಿದೆ. ಅದು ಹೆಣ್ಣು ನೋಡುವ ಪ್ರಯಾಣ.

ಡ್ಯೂಕ್ ಫಿಲಿಪನಿಗೆ ಎರಡು ಮದುವೆಯಾಗಿತ್ತು. ಮೊದಲ ಹೆಂಡತಿ 1422ರಲ್ಲಿ, ಎರಡನೆಯವಳು 1425ರಲ್ಲಿ ತೀರಿಕೊಂಡಿದ್ದರು. ಪಟ್ಟಕ್ಕೆ ಹಕ್ಕುಳ್ಳ ಗಂಡು ಸಂತಾನ ಇರಲಿಲ್ಲ. ವಾರಸುದಾರನಿಲ್ಲದ ರಾಜ್ಯದ ಮೇಲೆ ನೆರೆಹೊರೆಯವರ ಕಣ್ಣು ಬೀಳುವುದು ಸಹಜ. ಪೋರ್ಚುಗಲ್ ದೊರೆಯ ಮಗಳು ಇಸಬೆಲ್ಲಾಳ ಸಂಬಂಧದ ಮಾತು ಬಂತು. ಆಕೆಗೆ ಆಗಲೇ 31 ವರ್ಷ ದಾಟಿತ್ತು. ಆ ಕಾಲದ ರಾಜಕುಮಾರಿಯರಿಗೆ ಅದು ಮದುವೆಯ ವಯಸ್ಸು ಮೀರಿದ ಲೆಕ್ಕ. ಡ್ಯೂಕ್ ತನ್ನ ಕಡೆಯ ಗಣ್ಯರನ್ನು ಹಡಗಿನಲ್ಲಿ ಕಳುಹಿಸಿದ. ಅವರ ಜೊತೆಯಲ್ಲಿ ಯಾನ್ ವಾನ್ ಐಕನನ್ನೂ ಕಳುಹಿಸಿದ.

1428ರ ಅಕ್ಟೋಬರ್ 19ರಂದು ಅವರು ಸ್ಲೌಸ್ ಬಂದರಿನಿಂದ ಹೊರಟರು. ದಾರಿಯಲ್ಲಿ ಇಂಗ್ಲೆಂಡಿನ ಬಂದರುಗಳಲ್ಲಿ ತಂಗಿ ಪೋರ್ಚುಗಲ್ ಮುಟ್ಟುವಾಗ ಡಿಸೆಂಬರ್ ಬಂದಿತ್ತು. ಜನವರಿಯಲ್ಲಿ ಅವೀಸ್ ಎಂಬಲ್ಲಿ ರಾಜನ ಭೇಟಿಯಾಯಿತು. ಗಣ್ಯರು ಮದುವೆಯ ಕರಾರುಗಳನ್ನು ಮಾತನಾಡುತ್ತಿದ್ದಾಗ ಯಾನ್ ರಾಜಕುಮಾರಿಯನ್ನು ಕೂರಿಸಿಕೊಂಡು ಅವಳ ಚಿತ್ರ ಬರೆದ. 1429ರ ಫೆಬ್ರವರಿ 12ರಂದು ಡ್ಯೂಕನ ಬಳಿಗೆ ದೂತರು ಹೊರಟರು. ಇಬ್ಬರು ಸಮುದ್ರದ ದಾರಿಯಲ್ಲಿ, ಇಬ್ಬರು ನೆಲದ ದಾರಿಯಲ್ಲಿ. ಒಂದು ದಾರಿಯಲ್ಲಿ ಅಪಾಯವಾದರೂ ಇನ್ನೊಂದರಿಂದ ಸುದ್ದಿ ಮುಟ್ಟಲಿ ಎಂಬ ಏರ್ಪಾಡು. ಚಿತ್ರವೂ ಎರಡು ಪ್ರತಿ ಇದ್ದಿರಬೇಕು ಎಂದು ವಿದ್ವಾಂಸರು ಹೇಳುತ್ತಾರೆ.

ಆ ಚಿತ್ರ ಬರೆಯುವವನ ಕಷ್ಟವನ್ನು ಒಂದು ಕ್ಷಣ ಯೋಚಿಸಿ ನೋಡಿ. ಎದುರಿಗೆ ಕುಳಿತಿರುವವಳು ರಾಜನ ಮಗಳು. ಅವಳನ್ನು ಇದ್ದುದಕ್ಕಿಂತ ಚೆಲುವೆಯಾಗಿ, ಎಳೆಯವಳಾಗಿ ಬರೆದರೆ ಅಲ್ಲಿ ಎಲ್ಲರಿಗೂ ಸಂತೋಷ. ಆದರೆ ಅವಳು ನಾಳೆ ಬ್ರೂಜ್‌ಗೆ ಬಂದು ಇಳಿದಾಗ ಚಿತ್ರಕ್ಕೂ ಮುಖಕ್ಕೂ ಹೊಂದದಿದ್ದರೆ ಡ್ಯೂಕನಿಗೆ ಮೋಸವಾದಂತೆ. ಅವಳನ್ನು ಇದ್ದುದಕ್ಕಿಂತ ಕಳೆಗುಂದಿಸಿ ಬರೆದರೆ ಒಬ್ಬ ಹೆಣ್ಣುಮಗಳ ಬಾಳಿಗೆ ಕಲ್ಲು ಹಾಕಿದಂತೆ. ಎರಡು ರಾಜ್ಯಗಳ ಸಂಬಂಧವೂ ಆ ಹಲಗೆಯ ಮೇಲೆ ನಿಂತಿತ್ತು. ಇಂಥ ಕಡೆ ಕಳುಹಿಸಲು ಬರೀ ಕೈಚಳಕ ಇದ್ದವನು ಸಾಲದು. ಕಂಡದ್ದನ್ನು ಕಂಡಂತೆ ಹೇಳುವವನು ಬೇಕು. ಡ್ಯೂಕ್ ಅವನಿಗೆ ಸಂಬಳ ಕೊಡುತ್ತಿದ್ದುದು ಅವನ ಕೈಗೆ ಎಷ್ಟೋ ಅವನ ಕಣ್ಣಿಗೂ ಅಷ್ಟೇ ಎಂದು ನನಗೆ ತೋರುತ್ತದೆ.

ಉತ್ತರ ಬರಲು ತಿಂಗಳುಗಳೇ ಹಿಡಿದವು. ಆ ಬಿಡುವಿನಲ್ಲಿ ಡ್ಯೂಕನ ಕಡೆಯವರು ಸಾಂಟಿಯಾಗೊ ಕ್ಷೇತ್ರದ ಯಾತ್ರೆ ಮಾಡಿದರು, ಸುತ್ತಲಿನ ದೊರೆಗಳನ್ನು ಕಂಡು ಬಂದರು. ಕೊನೆಗೆ ಡ್ಯೂಕನ ಒಪ್ಪಿಗೆ ಬಂತು. ಇಸಬೆಲ್ಲಾಳ ಹಡಗುಗಳು ಬಿರುಗಾಳಿಗೆ ಸಿಕ್ಕಿ ಚದುರಿ, 1429ರ ಕ್ರಿಸ್‌ಮಸ್ ದಿನ ಸ್ಲೌಸ್ ಬಂದರನ್ನು ಸೇರಿದವು. ಜನವರಿಯಲ್ಲಿ ಮದುವೆ ನಡೆಯಿತು. 1433ರಲ್ಲಿ ಹುಟ್ಟಿದ ಅವಳ ಮಗ ಚಾರ್ಲ್ಸ್ ಮುಂದೆ ಬರ್ಗಂಡಿಯ ಪಟ್ಟಕ್ಕೆ ಬಂದ. ಇಸಬೆಲ್ಲಾ ಜಾಣೆ. 1439ರಲ್ಲಿ ಇಂಗ್ಲೆಂಡಿನವರೊಂದಿಗೆ ಸಂಧಾನಕ್ಕೆ ಕುಳಿತಾಗ ಮುಂದೆ ನಿಂತು ಮಾತನಾಡಿದವಳು ಅವಳೇ. ಅವಳ ಆ ಚಿತ್ರ ಮಾತ್ರ ಉಳಿಯಲಿಲ್ಲ. 17ನೇ ಶತಮಾನದಲ್ಲಿ ಯಾರೋ ಮಾಡಿಕೊಂಡ ಒಂದು ನಕಲಿನ ರೇಖಾಚಿತ್ರದಿಂದ, ಅವಳು ಕಲ್ಲಿನ ಚೌಕಟ್ಟಿನೊಳಗೆ ಅಂಚಿನ ಮೇಲೆ ಕೈ ಇಟ್ಟು ನೋಡುತ್ತಿದ್ದಳು ಎಂದು ಊಹಿಸಬಹುದು, ಅಷ್ಟೆ.

ಚಿತ್ರ ಉಳಿಯದಿದ್ದರೂ ಬರೆಯುವ ವಿಧಾನ ಉಳಿದಿದೆ. ಯಾನನ ಚಿತ್ರಗಳಿಗೆ ಆ ಹೊಳಪು ಹೇಗೆ ಬಂತು ಎಂದು ಚಿತ್ರಕಲೆ ಕಲಿಯುವ ಮಕ್ಕಳು ಕೇಳುವುದುಂಟು. ಓಕ್ ಮರದ ಹಲಗೆಯನ್ನು ನಯ ಮಾಡಿ, ಅದರ ಮೇಲೆ ಸೀಮೆಸುಣ್ಣದ ಪುಡಿ ಮತ್ತು ಪ್ರಾಣಿಗಳ ಚರ್ಮ ಕುದಿಸಿ ತೆಗೆದ ಅಂಟನ್ನು ಕಲಸಿ ಬಳಿಯುತ್ತಿದ್ದರು. ಒಣಗಿದ ಮೇಲೆ ಉಜ್ಜಿದರೆ ಅದು ದಂತದಂತೆ ಬೆಳ್ಳಗಾಗುತ್ತದೆ. ಆ ಬಿಳುಪಿನ ಮೇಲೆ ಮೊದಲು ರೇಖೆ, ಆಮೇಲೆ ಬಣ್ಣ. ಇಟಲಿಯಲ್ಲಿ ಆಗ ಹೆಚ್ಚಿನವರು ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸುತ್ತಿದ್ದರು. ಅದು ಬೇಗ ಒಣಗುತ್ತದೆ, ಒಂದು ಬಣ್ಣವನ್ನು ಇನ್ನೊಂದರಲ್ಲಿ ಕರಗಿಸಲು ಪುರುಸೊತ್ತು ಕೊಡುವುದಿಲ್ಲ. ಯಾನ್ ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಯಲ್ಲಿ ಬಣ್ಣ ಅರೆದು, ತೆಳ್ಳಗೆ, ಒಂದರ ಮೇಲೊಂದು ಪದರವಾಗಿ ಹಚ್ಚಿದ. ಬೆಳಕು ಆ ಪದರಗಳನ್ನು ದಾಟಿ ಒಳಗಿನ ಬಿಳುಪನ್ನು ಮುಟ್ಟಿ ಮರಳಿ ಬರುತ್ತದೆ. ಆದ್ದರಿಂದಲೇ ಅವನ ಕೆಂಪು ಬಟ್ಟೆ ಒಳಗಿನಿಂದ ಕೆಂಡದಂತೆ ಹೊಳೆಯುತ್ತದೆ. ಎಣ್ಣೆಬಣ್ಣವನ್ನು ಕಂಡುಹಿಡಿದವನೇ ಇವನು ಎಂದು ವಸಾರಿ ಎಂಬ ಇಟಲಿಯ ಲೇಖಕ 16ನೇ ಶತಮಾನದಲ್ಲಿ ಬರೆದ. ಅದು ನಿಜವಲ್ಲ. ಎಣ್ಣೆಬಣ್ಣ ಅವನಿಗಿಂತ ನೂರಾರು ವರ್ಷ ಮೊದಲೇ ಇತ್ತು. ಅದರಿಂದ ಏನೇನು ಸಾಧ್ಯ ಎಂದು ತೋರಿಸಿಕೊಟ್ಟವನು ಯಾನ್.

ಅವನ ಅತಿ ದೊಡ್ಡ ಕೆಲಸ ಗೆಂಟ್ ಪಟ್ಟಣದ ಚರ್ಚಿನ ಪೂಜಾಪೀಠದ ಚಿತ್ರ. ಬಾಗಿಲುಗಳಂತೆ ತೆರೆದು ಮುಚ್ಚುವ ಹಲವಾರು ಹಲಗೆಗಳ ಮೇಲೆ ಬರೆದದ್ದು. ಅದನ್ನು ಶುರು ಮಾಡಿದವನು ಯಾನನ ಅಣ್ಣ ಹ್ಯೂಬರ್ಟ್. ಅವನು 1426ರಲ್ಲಿ ತೀರಿಕೊಂಡ ಮೇಲೆ ತಮ್ಮ ಅದನ್ನು ಮುಗಿಸಿದ. 1432ರ ಮೇ 6ರಂದು ಅದು ಜನರ ದರ್ಶನಕ್ಕೆ ತೆರೆಯಿತು. ಚೌಕಟ್ಟಿನ ಮೇಲಿನ ಬರಹದಲ್ಲಿ ಅಣ್ಣನೇ ಎಲ್ಲರಿಗಿಂತ ದೊಡ್ಡ ಕಲಾವಿದನೆಂದೂ ತಮ್ಮ ಅವನ ನಂತರದವನೆಂದೂ ಹೇಳಿದೆ. ಹಣ ಕೊಟ್ಟ ಶ್ರೀಮಂತ ಯೋಸ್ ವೈಡ್ ಮತ್ತು ಅವನ ಹೆಂಡತಿ ಹೊರಬಾಗಿಲುಗಳ ಮೇಲೆ ಮೊಣಕಾಲೂರಿ ಕೈಮುಗಿದಿದ್ದಾರೆ. ದೇವದೂತರ ನಡುವೆಯೂ ಆ ಮುದುಕ ಮುದುಕಿಯರ ಮುಖದ ಗೆರೆಗಳನ್ನು ಯಾನ್ ಅಳಿಸಲಿಲ್ಲ.

ಆಸ್ಥಾನದವರ ಚಿತ್ರಗಳಲ್ಲೂ ಹೀಗೆಯೇ. ಪೋರ್ಚುಗಲ್ ಪ್ರಯಾಣದಲ್ಲಿ ಜೊತೆಗಿದ್ದ ಬೋಡ್ವಾನ್ ದ ಲಾನ್ವಾ ಎಂಬ ಗಣ್ಯನ ಚಿತ್ರ ಈಗ ಬರ್ಲಿನ್‌ನಲ್ಲಿದೆ. ಜರತಾರಿ ಬಟ್ಟೆ, ಕೊರಳಲ್ಲಿ ಡ್ಯೂಕನು ಸ್ಥಾಪಿಸಿದ ಬಂಗಾರದ ಉಣ್ಣೆ ಎಂಬ ಬಿರುದಿನ ಸರ, ಕೈಯಲ್ಲಿ ಕೋಲು. ಆದರೆ ಮುಖ ಬಿಸಿಲು ಗಾಳಿಗೆ ಬೆಂದ ಮುಖ. ಡ್ಯೂಕನ ಪ್ರಬಲ ಮಂತ್ರಿ ನಿಕೊಲಾಸ್ ರೊಲಾನ್ ಮೇರಿ ಮಾತೆಯ ಎದುರಿಗೆ ಕುಳಿತ ಚಿತ್ರ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಮಂತ್ರಿಯ ಕೈ ಪ್ರಾರ್ಥನೆಯಲ್ಲಿದೆ. ಬಿಗಿದ ಮುಖ ಮಾತ್ರ ರಾಜ್ಯದ ಕಾಗದಪತ್ರ ನೋಡಿ ನೋಡಿ ಗಟ್ಟಿಯಾದ ಮುಖ. 1436ರಲ್ಲಿ ಬ್ರೂಜ್‌ನ ವೃದ್ಧ ಪಾದ್ರಿ ವಾನ್ ಡೆರ್ ಪಾಲ ಎಂಬಾತನನ್ನು, ಕೈಯಲ್ಲಿ ಕನ್ನಡಕ ಹಿಡಿದಂತೆ ಬರೆದ. ಆ ಪಾದ್ರಿಯ ಕಣತಲೆಯ ಮೇಲೆ ಉಬ್ಬಿದ ನರವನ್ನು ನೋಡಿ, ಅವನಿಗೆ ಯಾವ ಕಾಯಿಲೆ ಇದ್ದಿರಬಹುದು ಎಂದು ನಮ್ಮ ಕಾಲದ ವೈದ್ಯರು ಲೇಖನ ಬರೆದಿದ್ದಾರೆ. ಸುಮಾರು 500 ವರ್ಷಗಳಾದ ಮೇಲೆ ವೈದ್ಯರು ರೋಗಿಯನ್ನು ಪರೀಕ್ಷಿಸುವಷ್ಟು ನಿಷ್ಠೆಯಿಂದ ಬರೆದ ಚಿತ್ರ ಅದು.

ದೊಡ್ಡವರಿಗೆ ಚಿತ್ರಕಾರನ ಮುಂದೆ ದಿನಗಟ್ಟಲೆ ಕೂರಲು ಪುರುಸೊತ್ತು ಎಲ್ಲಿರುತ್ತದೆ? ಅದಕ್ಕೆ ಯಾನ್ ಕಂಡುಕೊಂಡ ಉಪಾಯವನ್ನು ತೋರಿಸುವ ಒಂದು ಹಾಳೆ ಜರ್ಮನಿಯ ಡ್ರೆಸ್ಡೆನ್‌ನಲ್ಲಿದೆ. ಕಾರ್ಡಿನಲ್ ಆಲ್ಬೆರ್ಗಾಟಿ ಎಂಬ ಧರ್ಮಾಧಿಕಾರಿಯದು ಎಂದು ಬಹುಕಾಲದಿಂದ ಗುರುತಿಸಿರುವ ರೇಖಾಚಿತ್ರ ಅದು. ಬೆಳ್ಳಿಯ ಮೊನೆಯಿಂದ ಬೇಗ ಬೇಗ ಮುಖದ ರೇಖೆಗಳನ್ನು ಎಳೆದುಕೊಂಡು, ಪಕ್ಕದಲ್ಲಿ ತನ್ನ ಊರಿನ ಭಾಷೆಯಲ್ಲಿ ಬಣ್ಣಗಳ ಟಿಪ್ಪಣಿ ಬರೆದುಕೊಂಡಿದ್ದಾನೆ. ಕಣ್ಣಿನ ಬಿಳಿಭಾಗ ಎಷ್ಟು ಹಳದಿ, ತುಟಿ ಎಷ್ಟು ಬಿಳಿಚಿದೆ, ಗಡ್ಡದ ಕುರುಚಲು ಎಷ್ಟು ನರೆತಿದೆ ಎಂಬುದೆಲ್ಲ ಅದರಲ್ಲಿದೆ. ಮನೆಗೆ ಹೋಗಿ ಅದನ್ನು ನೋಡಿಕೊಂಡು ಎಣ್ಣೆಬಣ್ಣದಲ್ಲಿ ಬರೆದ ಚಿತ್ರ ವಿಯೆನ್ನಾದಲ್ಲಿದೆ. ಚಿತ್ರ ಬರೆಯುವ ಮಕ್ಕಳು ಈ ಹಾಳೆಯ ವಿಷಯವನ್ನು ನೆನಪಿಟ್ಟುಕೊಳ್ಳಬೇಕು. ಅಂಥ ಮಹಾ ಕಲಾವಿದನೂ ನೆನಪನ್ನು ನಂಬಲಿಲ್ಲ, ನೋಡಿದ್ದನ್ನು ಅಲ್ಲೇ ಗುರುತು ಹಾಕಿಕೊಂಡ.

ಅವನಿಗಿಂತ ಮೊದಲು ಅರಸರ ಚಿತ್ರಗಳನ್ನು ಬಹುಮಟ್ಟಿಗೆ ನಾಣ್ಯದ ಮೇಲಿನ ಮುಖದಂತೆ ಒಂದು ಪಕ್ಕದಿಂದ ಬರೆಯುತ್ತಿದ್ದರು. ಯಾನ್ ಮುಖವನ್ನು ಸ್ವಲ್ಪ ತಿರುಗಿಸಿ ಮುಕ್ಕಾಲು ಪಾಲು ಕಾಣುವಂತೆ ಕೂರಿಸಿದ. 1433ರ ಅಕ್ಟೋಬರ್ 21ರ ತಾರೀಖು ಇರುವ ಒಂದು ಚಿತ್ರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ತಲೆಗೆ ಕೆಂಪು ರುಮಾಲು ಸುತ್ತಿದ ಗಂಡಸೊಬ್ಬ ನೇರವಾಗಿ ನೋಡುವವರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ. ಕಣ್ಣಿನ ಬಿಳಿಯಲ್ಲಿ ಸಣ್ಣ ಕೆಂಪು ನರಗಳು, ಗಲ್ಲದ ಮೇಲೆ ಕುರುಚಲು. ಅದು ಕನ್ನಡಿ ಇಟ್ಟುಕೊಂಡು ಬರೆದ ತನ್ನದೇ ಚಿತ್ರ ಎಂದು ಬಹಳ ಜನ ನಂಬುತ್ತಾರೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಈ ಚಿತ್ರದ ಎತ್ತರ 26 ಸೆಂಟಿಮೀಟರ್ ಮಾತ್ರ, ಶಾಲೆಯ ಮಕ್ಕಳು ಒಯ್ಯುವ ಸ್ಲೇಟಿನಷ್ಟು. ಅದರ ಚೌಕಟ್ಟಿನ ಮೇಲ್ಭಾಗದಲ್ಲಿ, ತನ್ನ ಕೈಲಾದಷ್ಟು ಮಾಡಿದ್ದಾಗಿ ಹೇಳುವ ಒಂದು ಸಣ್ಣ ಮಾತನ್ನು ಗ್ರೀಕ್ ಅಕ್ಷರಗಳಲ್ಲಿ ಬರೆದಿದ್ದಾನೆ. ಆ ಮಾತು ಅವನ ಬೇರೆ ಚಿತ್ರಗಳಲ್ಲೂ ಇದೆ. ಹೆಸರು ಹಾಕುವ ರೂಢಿಯೇ ಅಪರೂಪವಾಗಿದ್ದ ಕಾಲದಲ್ಲಿ ಅವನು ಹೆಸರು ಹಾಕಿದ, ತಾರೀಖು ಹಾಕಿದ, ಜೊತೆಗೆ ಆ ವಿನಯದ ಮಾತನ್ನೂ ಸೇರಿಸಿದ. ಹೆಮ್ಮೆಯೂ ವಿನಯವೂ ಒಂದೇ ಚೌಕಟ್ಟಿನಲ್ಲಿ ಕೂತಿವೆ.

ಮರುವರ್ಷ, 1434ರಲ್ಲಿ, ಬ್ರೂಜ್‌ನಲ್ಲಿ ನೆಲೆಸಿದ್ದ ಇಟಲಿಯ ವರ್ತಕ ಆರ್ನೊಲ್ಫಿನಿ ಮತ್ತು ಅವನ ಹೆಂಡತಿಯದು ಎನ್ನಲಾದ ಚಿತ್ರವನ್ನು ಬರೆದ. ಗಂಡ ಹೆಂಡಿರು ಕೈ ಹಿಡಿದು ಕೋಣೆಯಲ್ಲಿ ನಿಂತಿದ್ದಾರೆ. ಕಾಲ ಬಳಿ ಸಣ್ಣ ನಾಯಿ, ಕಿಟಕಿಯ ಬಳಿ ಕಿತ್ತಳೆ ಹಣ್ಣು, ಬಿಟ್ಟ ಮರದ ಚಪ್ಪಲಿ. ಹಿಂದಿನ ಗೋಡೆಯ ಮೇಲೆ ಒಂದು ಉಬ್ಬು ಕನ್ನಡಿ. ಅದರಲ್ಲಿ ದಂಪತಿಯ ಬೆನ್ನೂ, ಬಾಗಿಲಲ್ಲಿ ನಿಂತ ಇನ್ನಿಬ್ಬರೂ ಕಾಣುತ್ತಾರೆ. ಕನ್ನಡಿಯ ಮೇಲೆ, ತಾನು ಅಲ್ಲಿದ್ದೆ ಎಂದು ಸಾಕ್ಷಿ ಹಾಕುವಂತೆ ತನ್ನ ಹೆಸರು ಮತ್ತು ಇಸವಿಯನ್ನು ಬರೆದಿದ್ದಾನೆ. ಚಿತ್ರ ಬರೆಯುವುದು ಎಂದರೆ ಅವನಿಗೆ ಸಾಕ್ಷಿ ಹೇಳುವುದೇ ಆಗಿತ್ತು.

ಅಷ್ಟು ದೊಡ್ಡ ಕಲಾವಿದನಿಗೂ ಸಂಬಳದ ತೊಂದರೆ ತಪ್ಪಲಿಲ್ಲ ಎಂದರೆ ನಮ್ಮ ಶಿಕ್ಷಕ ಮಿತ್ರರು ನಗಬಹುದು. ಡ್ಯೂಕ್ ಅವನ ಸಂಬಳವನ್ನು ಹಲವು ಪಟ್ಟು ಏರಿಸಿ, ಜೀವನಪರ್ಯಂತ ವರ್ಷಕ್ಕೆ 360 ಲಿವ್ರ್ ಎಂದು ಆಜ್ಞೆ ಮಾಡಿದ. ಲೀಲ್ ಪಟ್ಟಣದ ಲೆಕ್ಕಪತ್ರ ಕಚೇರಿಯವರು ಅದನ್ನು ದಾಖಲು ಮಾಡಿಕೊಳ್ಳಲು ಹಿಂದೆ ಮುಂದೆ ನೋಡಿದರು. ಹಣ ನಿಂತಿತು. 1435ರ ಮಾರ್ಚ್ 12ರಂದು ಡ್ಯೂಕ್ ಕೋಪದಿಂದ ಅವರಿಗೆ ಕಾಗದ ಬರೆದ. ತಡಮಾಡದೆ ಹಣ ಕೊಡಬೇಕೆಂದೂ, ಇಲ್ಲದಿದ್ದರೆ ಅವನು ಕೆಲಸ ಬಿಟ್ಟುಹೋಗುವನೆಂದೂ, ಕಲೆಯಲ್ಲೂ ತಿಳಿವಳಿಕೆಯಲ್ಲೂ ಅವನಂಥವನು ತನಗೆ ಮತ್ತೆ ಸಿಗುವುದಿಲ್ಲವೆಂದೂ ಅದರ ತಾತ್ಪರ್ಯ. ಒಬ್ಬ ಕೈಕೆಲಸದವನಿಗಾಗಿ ದೊರೆ ತನ್ನ ಕಚೇರಿಯವರ ಮೇಲೆ ಹೀಗೆ ಹರಿಹಾಯ್ದದ್ದು ಸಾಮಾನ್ಯ ಸಂಗತಿಯಲ್ಲ.

ಹೊತ್ತು ಸಿಕ್ಕಾಗ ಡ್ಯೂಕ್ ಬ್ರೂಜ್‌ನಲ್ಲಿದ್ದ ಯಾನನ ಮನೆಗೇ ಹೋಗಿ ಕೆಲಸ ನೋಡುತ್ತಿದ್ದ. ಅಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗರಿಗೆ ಭಕ್ಷೀಸು ಕೊಟ್ಟದ್ದೂ ಲೆಕ್ಕದಲ್ಲಿದೆ. ಯಾನನ ಹೆಂಡತಿಯ ಹೆಸರು ಮಾರ್ಗರೆಟ್. ಅವರ ಮೊದಲ ಮಗುವಿನ ನಾಮಕರಣಕ್ಕೆ ಡ್ಯೂಕ್ ತನ್ನ ಪ್ರತಿನಿಧಿಯನ್ನು ಕಳುಹಿಸಿ ಆರು ಬೆಳ್ಳಿ ಬಟ್ಟಲುಗಳನ್ನು ಉಡುಗೊರೆ ಕೊಟ್ಟ. 1441ರಲ್ಲಿ ಯಾನ್ ತೀರಿಕೊಂಡ. ಅವನನ್ನು ಬ್ರೂಜ್‌ನ ಸೇಂಟ್ ಡೊನೇಷಿಯನ್ ಚರ್ಚಿನ ಆವರಣದಲ್ಲಿ ಮಣ್ಣು ಮಾಡಿದರು. ಮರುವರ್ಷ ತಮ್ಮ ಲ್ಯಾಂಬರ್ಟ್ ಅನುಮತಿ ಪಡೆದು ದೇಹವನ್ನು ಚರ್ಚಿನ ಒಳಕ್ಕೆ ಸಾಗಿಸಿದ. ಡ್ಯೂಕ್ ವಿಧವೆಗೆ ಹಣ ಕೊಟ್ಟ. ಸುಮಾರು ಒಂಬತ್ತು ವರ್ಷಗಳ ಮೇಲೆ ಯಾನನ ಮಗಳು ಮಾಸೈಕ್‌ನ ಸಂನ್ಯಾಸಿನಿಯರ ಮಠ ಸೇರುವಾಗ ಅದಕ್ಕೂ ನೆರವಾದ. ಸತ್ತ ನೌಕರನ ಮನೆಯನ್ನು ಅಷ್ಟು ವರ್ಷ ನೆನಪಿಟ್ಟುಕೊಂಡ ಆ ದೊರೆಯ ಗುಣವನ್ನೂ ಇಲ್ಲಿ ಹೇಳಲೇಬೇಕು.

ಇನ್ನು ಒಂದು ಸೋಜಿಗದ ಸಂಗತಿ. ಯಾನ್ 16 ವರ್ಷ ಡ್ಯೂಕ್ ಫಿಲಿಪನ ಅನ್ನ ಉಂಡ. ಆದರೆ ಅವನ ಕೈಯಿಂದ ಬಂದ ಡ್ಯೂಕನ ಚಿತ್ರ ಒಂದೂ ಇಂದು ಉಳಿದಿಲ್ಲ. ಪುಸ್ತಕಗಳಲ್ಲಿ ನಾವು ನೋಡುವ ಡ್ಯೂಕನ ಮುಖ ರೋಜಿಯರ್ ವಾನ್ ಡೆರ್ ವೈಡೆನ್ ಎಂಬ ಇನ್ನೊಬ್ಬ ಕಲಾವಿದನ ಚಿತ್ರದ ನಕಲುಗಳಿಂದ ಬಂದದ್ದು. ಸಮುದ್ರ ದಾಟಿ ಹೋಗಿ ಬರೆದ ರಾಜಕುಮಾರಿಯ ಚಿತ್ರವೂ ಇಲ್ಲ. ಅವನನ್ನು ಮಣ್ಣು ಮಾಡಿದ ಚರ್ಚು ಕೂಡ 1799ರಲ್ಲಿ ನೆಲಸಮವಾಯಿತು. ಉಳಿದಿರುವವರು ಒಬ್ಬ ಅಕ್ಕಸಾಲಿಗ, ಒಬ್ಬ ವರ್ತಕ, ಒಬ್ಬ ವೃದ್ಧ ಪಾದ್ರಿ, ಕೆಂಪು ರುಮಾಲಿನವನು, ಇಂಥವರೇ ಹೆಚ್ಚು.

ಹೀಗೆ ಉಳಿದವರಲ್ಲಿ ಮಾರ್ಗರೆಟ್ ಒಬ್ಬಳು. 1439ರ ಜೂನ್ 17ರಂದು ಯಾನ್ ತನ್ನ ಹೆಂಡತಿಯ ಚಿತ್ರವನ್ನು ಮುಗಿಸಿದ. ಆಗ ಅವಳಿಗೆ 33 ವರ್ಷ. ಅದನ್ನೆಲ್ಲ ಅವಳೇ ಹೇಳುತ್ತಿರುವಂತೆ ಚೌಕಟ್ಟಿನ ಮೇಲೆ ಬರೆದಿದ್ದಾನೆ. ಕೆಂಪು ಉಣ್ಣೆಯ ಉಡುಪು, ಬಿಳಿಯ ತಲೆವಸ್ತ್ರ, ಬಿಗಿಯಾಗಿ ಮುಚ್ಚಿದ ತೆಳು ತುಟಿ, ಉದ್ದ ಮೂಗು. ಚೆಲುವೆ ಎಂದು ಹೇಳುವಂತಿಲ್ಲ. ಗಂಡನನ್ನು ಚೆನ್ನಾಗಿ ಬಲ್ಲ ಹೆಂಡತಿ ನೋಡುವ ಹಾಗೆ ನೇರವಾಗಿ ನೋಡುತ್ತಾಳೆ. ಅವಳ ಮುಖವನ್ನು ತಿದ್ದಿ ಚೆಲುವಾಗಿಸುವುದನ್ನು ಯಾರೂ ತಡೆಯುತ್ತಿರಲಿಲ್ಲ. ಡ್ಯೂಕನಿಗೆ ಬೇಕಾಗಿದ್ದ ಅದೇ ನಿಜವನ್ನು ಅವನು ತನ್ನ ಹೆಂಡತಿಗೂ ಕೊಟ್ಟ. ಆ ಚಿತ್ರ ಅವಳು ಬಾಳಿದ ಬ್ರೂಜ್ ಪಟ್ಟಣದಲ್ಲೇ, ಅಲ್ಲಿನ ಸಂಗ್ರಹಾಲಯದಲ್ಲಿ ಇಂದಿಗೂ ಇದೆ.